ಕೆಳಗಿನಿಂದ ನಾಲ್ಕನೆಯ ಕೈ

ಹೋದ ತಿಂಗಳು ಬಾಗಲಕೋಟೆ ನವನಗರದ ನಮ್ಮ ಮನೆ ಹುಡುಕಿಕೊಂಡು ಒಬ್ಬ ತರುಣ ಅಧ್ಯಾಪಕರು ಬಂದರು. ನಾನು ಓದಿದ ಕಾಲೇಜಿನವರು. ಕಾಲೇಜಿನದೊಂದು ಸ್ಮರಣ ಸಂಚಿಕೆ ಬರಲಿದೆಯಂತೆ. ಅದರಲ್ಲಿ ‘ವಿಶ್ವವಿದ್ಯಾಲಯ ಮಟ್ಟದ ಸಾಧನೆಗಳು’ ಎಂಬ ಭಾಗ ಇವರ ಪಾಲಿಗೆ ಬಂದಿದೆಯಂತೆ. ಚಹಾ ಬರುವುದಕ್ಕೂ ಮೊದಲೇ ಚೀಲದಿಂದ ಒಂದು ಕಪ್ಪು-ಬಿಳುಪು ಫೋಟೋ ತೆಗೆದು ಮೇಜಿನ ಮೇಲಿಟ್ಟರು. ವೇದಿಕೆಯ ನಡುವೆ ಒಬ್ಬಳೇ ಹುಡುಗಿ. ಅವಳ ಎರಡೂ ಬದಿಗೆ, ನವಿಲು ಗರಿ ಬಿಚ್ಚಿದ ಹಾಗೆ, ಹದಿನೆಂಟು ಕೈ.

“ಮೇಡಂ, ಇದರ ಕೆಳಗ ಹೆಸರು ಹಾಕಬೇಕಾಗೇತ್ರಿ. ಎಡದಿಂದ ಬಲಕ್ಕ ಯಾರ್ಯಾರು ಅದಾರ, ಸ್ವಲ್ಪ ಹೇಳ್ರಿ.”

ನನಗೆ ನಗು ತಡೆಯಲಾಗಲಿಲ್ಲ. ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡು ನಿಂತ ಒಂಬತ್ತು ಜನರನ್ನು ಎಡದಿಂದ ಬಲಕ್ಕೆ ಹೇಳುವುದು ಹೇಗೆ, ನೀವೇ ಹೇಳಿ. ‘ಮುಂದಿನಿಂದ ಹಿಂದಕ್ಕೆ’ ಎಂದು ಬರೆಯಬಹುದು. ಆದರೆ ಓದಿದವರು ಹಿಂದಿನವರನ್ನು ಹುಡುಕಲು ಪುಟ ತಿರುವಿ ನೋಡಿಯಾರು.

“ಇದರಾಗ ನೀವೆಲ್ಲಿ ಅದೀರಿ ಮೇಡಂ?”

“ಬಲಗಡೆ ಕೆಳಗಿಂದ ನಾಕನೇ ಕೈ. ಎಡಗಡೆನೂ ನಾಕನೇದ.”

ಅವರು ಫೋಟೋದಲ್ಲಿದ್ದ ಕೈಯನ್ನು ನೋಡಿದರು. ಆಮೇಲೆ ಚಹಾದ ಬಶಿ ಹಿಡಿದಿದ್ದ ನನ್ನ ಕೈಯನ್ನು ನೋಡಿದರು. ಹೋಲಿಕೆ ಸಿಕ್ಕಿದಂತೆ ಕಾಣಲಿಲ್ಲ. ಮರ್ಯಾದಸ್ಥರು, “ಹೌದ್ರಿ, ಹೌದ್ರಿ” ಎಂದರು. ಒಂಬತ್ತು ಹೆಸರು ಬರೆಸಿಕೊಂಡು, ಚಹಾ ಕುಡಿದು ಹೋದರು. ಸಂಚಿಕೆಯಲ್ಲಿ ‘ಸಮೂಹ ನೃತ್ಯ, ದ್ವಿತೀಯ ಬಹುಮಾನ’ ಎಂದು ಒಂದು ಸಾಲು ಬಂದೀತು. ಆ ಸಾಲಿನಲ್ಲಿ ಹಿಡಿಸದೆ ಉಳಿದದ್ದೇ ಹೆಚ್ಚು. ಅದನ್ನು ನಿಮ್ಮೆದುರು ಹೇಳಿಕೊಂಡುಬಿಡುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಇಳಕಲ್ಲಿನ ಹುಡುಗಿ. ನಮ್ಮ ಮನೆಯ ಪಡಸಾಲೆಯಲ್ಲಿ ಎರಡು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಬಿಟ್ಟು, ಒಂದರಲ್ಲಿ ಅಪ್ಪ ಕೂರುತ್ತಿದ್ದ, ಇನ್ನೊಂದರಲ್ಲಿ ಅಪ್ಪನ ಗೆಳೆಯ ಸಂಗಪ್ಪ ಕಾಕಾ. ಬೆಳಗಾದರೆ ಲಾಳಿ ಆ ಕಡೆಯಿಂದ ಈ ಕಡೆಗೆ ಓಡುವ ಸದ್ದು. ಲಾಳಿಯೊಳಗಿನ ಪುಟ್ಟ ಕೊಳವೆಗೆ ನೂಲು ಸುತ್ತಿಕೊಡಬೇಕಲ್ಲ, ಅದಕ್ಕೆ ಕಂಡಿಕಿ ಸುತ್ತುವುದು ಅನ್ನುತ್ತಾರೆ. ಅದು ನನ್ನ ಮತ್ತು ಅವ್ವನ ಕೆಲಸ. ಬಲಗೈಯಲ್ಲಿ ರಾಟೆ ತಿರುಗಿಸುತ್ತ ಎಡಗೈ ಬೆರಳ ಸಂದಿಯಲ್ಲಿ ಎಳೆ ಜಾರಿಸುತ್ತ ಕೂರುವುದು. ಎಳೆ ಹರಿಯಿತೆನ್ನಿ, ಬೆರಳಿಗೆ ಸುತ್ತಿಕೊಂಡ ತುಂಡನ್ನು ಮಣಿಕಟ್ಟಿನಿಂದ ಒಮ್ಮೆ ಝಾಡಿಸಿ ಬಿಡಿಸಿಕೊಂಡು, ಮತ್ತೆ ಗಂಟು ಹಾಕುವುದು. ಏಳೆಂಟು ವರ್ಷದವಳಿದ್ದಾಗಿನಿಂದ ಇದನ್ನೇ ಮಾಡಿದ್ದರಿಂದ ಆ ಝಾಡಿಸುವ ಚಟ ನನ್ನ ಕೈಗೆ ಅಂಟಿಬಿಟ್ಟಿತ್ತು. ಊಟ ಮುಗಿದರೆ ಝಾಡಿಸುತ್ತಿದ್ದೆ, ಬರೆದು ಪೆನ್ನು ಕೆಳಗಿಟ್ಟರೆ ಝಾಡಿಸುತ್ತಿದ್ದೆ. ನಿದ್ದೆಯಲ್ಲೂ ಝಾಡಿಸುತ್ತೀ ಎಂದು ಅವ್ವ ನಗುತ್ತಿದ್ದಳು.

ಇಂಥ ಕೈಯನ್ನು ತೆಗೆದುಕೊಂಡು ಬಿ.ಎ. ಓದಲು ಬಾಗಲಕೋಟೆಗೆ ಬಂದೆ. ಹುಡುಗಿಯರ ಹಾಸ್ಟೆಲಿನಲ್ಲಿ ಜಾಗ ಸಿಕ್ಕಿತು. ಎರಡನೆಯ ವರ್ಷಕ್ಕೆ ನಮಗೆ ಇತಿಹಾಸ ಕಲಿಸಲು ಹುಬ್ಬಳ್ಳಿಯಿಂದ ವಿಮಲಾ ಮೇಡಂ ಎಂಬವರು ಬಂದರು. ಮದುವೆಯಾಗದ, ಮೂವತ್ತರ ಸಮೀಪದ ಹೆಂಗಸು. ಅವರ ಪಾಠಕ್ಕಿಂತ ಮೊದಲು ನಮ್ಮ ಗಮನಕ್ಕೆ ಬಂದದ್ದು ಅವರ ನಡಿಗೆ. ನಾವೆಲ್ಲ ನೆಲವನ್ನು ಗುದ್ದಿ ನಡೆದರೆ ಅವರು ನೆಲಕ್ಕೆ ಏನೋ ಹೇಳುತ್ತ ನಡೆದಂತೆ ಕಾಣುತ್ತಿತ್ತು. ಈ ನಡಿಗೆಯ ಬಗ್ಗೆ ಹಾಸ್ಟೆಲಿನಲ್ಲಿ ಒಂದು ವಾರ ಚರ್ಚೆಯಾಯಿತು. ಕಾಲಿಗೆ ಮುಳ್ಳು ಚುಚ್ಚಿರಬೇಕೆಂದು ಒಬ್ಬಳು, ಹುಬ್ಬಳ್ಳಿಯವರೆಲ್ಲ ಹೀಗೇ ನಡೆಯುತ್ತಾರೆಂದು ಇನ್ನೊಬ್ಬಳು. ಕೊನೆಗೆ ನಮ್ಮಲ್ಲಿ ಎಲ್ಲರಿಗಿಂತ ಎತ್ತರದ, ಧೈರ್ಯದಲ್ಲೂ ಎತ್ತರದ ಶಕುಂತಲಾ ಹೋಗಿ ಕೇಳಿಯೇಬಿಟ್ಟಳು. ಅವಳಿಗೆ ಮದುವೆಯಾಗಿತ್ತು, ಹಾಗಾಗಿ ಯಾರನ್ನು ಏನು ಬೇಕಾದರೂ ಕೇಳಬಹುದೆಂದು ತಿಳಿದಿದ್ದಳು.

“ಸಣ್ಣಾಕಿ ಇದ್ದಾಗ ನೃತ್ಯ ಕಲತಿದ್ದೆ,” ಎಂದರಂತೆ ಮೇಡಂ. “ಹದಿನಾಲ್ಕಕ್ಕ ಬಿಡಿಸಿದ್ರು. ದೊಡ್ಡಾಕಿ ಆದಿ, ಇನ್ನ ಸಾಕು ಅಂದ್ರು. ಕಾಲಿಗೆ ಹೇಳಾಕ ಮರತಿದ್ರು ನೋಡು.”

ಆ ವರ್ಷ ಮೇಡಂ ನಮ್ಮನ್ನು ಬಾದಾಮಿಗೆ ಕರೆದುಕೊಂಡು ಹೋದರು. ಮೊದಲನೆಯ ಗುಹೆಯ ಪಕ್ಕದ ಬಂಡೆಯ ಮೇಲೆ ಕುಣಿಯುವ ಶಿವನಿದ್ದಾನಲ್ಲ, ಹದಿನೆಂಟು ಕೈಯವನು, ಅವನ ಮುಂದೆ ನಿಲ್ಲಿಸಿದರು. ಅಲ್ಲಿನ ಕಾವಲುಗಾರ ಅಜ್ಜ ಬಂದು, ಎಡಗಡೆಯ ಯಾವುದಾದರೊಂದು ಕೈಗೆ ಬಲಗಡೆಯ ಯಾವುದಾದರೊಂದು ಕೈ ಸೇರಿಸಿದರೂ ನಾಟ್ಯದ ಒಂದು ಭಂಗಿ ಆಗುತ್ತದೆ, ಒಟ್ಟು ಎಂಬತ್ತೊಂದು ಎಂದ. ನಾನು ಮನಸ್ಸಿನಲ್ಲೇ ಒಂಬತ್ತರ ಮಗ್ಗಿ ಹೇಳಿ ಪರೀಕ್ಷಿಸಿದೆ. ಸರಿಯಾಗಿತ್ತು.

“ಇಷ್ಟ ಕೈ ಯಾಕ ಕೆತ್ತಿದಾ ಅವಾ?” ಎಂದಳು ಶಕುಂತಲಾ. “ಕಲ್ಲು ಭಾಳ ಉಳದಿತ್ತೇನೋ.”

ಎಲ್ಲರೂ ನಕ್ಕರು. ಮೇಡಂ ಮಾತ್ರ ನಗದೆ, “ಅದಿರಲಿ. ಹದಿನೆಂಟು ಕೈ ಅದಾವ, ಒಂದಕ್ಕೊಂದು ತೊಡಕಾಗಿಲ್ಲ. ಹೆಂಗ?” ಎಂದು ಕೇಳಿದರು. ಯಾರಿಗೂ ಉತ್ತರ ಗೊತ್ತಿರಲಿಲ್ಲ. ಅವರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಕೇಳುವ ಅಧ್ಯಾಪಕರನ್ನು ನಾವು ಅದೇ ಮೊದಲು ಕಂಡದ್ದು. “ನಿಂತು ನೋಡೋಣ, ಬರ್ರಿ” ಎಂದು ಒಂಬತ್ತು ಜನರನ್ನು ಎತ್ತರದ ಪ್ರಕಾರ ಒಬ್ಬರ ಹಿಂದೆ ಒಬ್ಬರಂತೆ ನಿಲ್ಲಿಸಿ, ಒಬ್ಬೊಬ್ಬರ ಕೈಯನ್ನೂ ಹಿಡಿದು ಶಿವನ ಕೈಯ ಹಾಗೆ ತಿರುವಿದರು. ಎದುರು ನಿಂತು ನೋಡುತ್ತಿದ್ದ ಕಾವಲುಗಾರ ಅಜ್ಜ, “ಅವ್ವಾರ, ಒಂದು ಕೈ ಕಮ್ಮಿ ಬಿತ್ತಲ್ರಿ!” ಎಂದು ಕೂಗಿದ. ಕಮ್ಮಿ ಬಿದ್ದದ್ದು ನನ್ನದು. ಒಂದು ಮಂಗ ನನ್ನ ಬುತ್ತಿಯ ಗಂಟಿಗೆ ಕೈಹಾಕಿತ್ತು, ಅದನ್ನು ಓಡಿಸುತ್ತಿದ್ದೆ.

ಹೀಗೆ ಶುರುವಾಯಿತು. ಆ ವರ್ಷ ಧಾರವಾಡದಲ್ಲಿ ನಡೆಯುವ ವಿಶ್ವವಿದ್ಯಾಲಯದ ಯುವಜನೋತ್ಸವಕ್ಕೆ ನಮ್ಮ ಕಾಲೇಜಿನಿಂದ ಸಮೂಹ ನೃತ್ಯ ಹೋಗಬೇಕು ಎಂದು ಮೇಡಂ ನಿರ್ಧರಿಸಿದರು. ಅಲ್ಲಿಯವರೆಗೆ ಕಾಲೇಜಿನಿಂದ ಹೋಗುತ್ತಿದ್ದದ್ದು ಕಬಡ್ಡಿ ಮತ್ತು ಚರ್ಚಾಸ್ಪರ್ಧೆ ಮಾತ್ರ. ಮನೆಯಲ್ಲಿ ಕೇಳಿ ಬನ್ನಿ ಎಂದು ನಮ್ಮನ್ನು ಕಳಿಸಿದರೆ, ಒಂಬತ್ತರಲ್ಲಿ ಒಬ್ಬಳಿಗೆ ಮಾತ್ರ ಒಪ್ಪಿಗೆ ಸಿಕ್ಕಿತು. ಅವಳು ಕೊನೆಯ ವರ್ಷದ ಗಿರಿಜಾ, ಹುನಗುಂದದ ವಕೀಲರೊಬ್ಬರ ಮಗಳು. “ಕೋರ್ಟಿನ್ಯಾಗ ನಾ ದಿನಾ ಕುಣೀತೇನಿ, ಸ್ಟೇಜಿನ ಮ್ಯಾಲ ಆಕಿ ಕುಣಿದ್ರ ಏನಾತು” ಎಂದರಂತೆ ಅವಳ ತಂದೆ. ಉಳಿದವರಲ್ಲಿ ಕೆಲವರು ಬೈಸಿಕೊಂಡು ಬಂದರು. ನಾನು ಕೇಳಲೇ ಇಲ್ಲ. ಅಪ್ಪ ಬೈಯುವವನಲ್ಲ. ಆದರೆ ಅವನು ಸುಮ್ಮನಾದರೆ ಮನೆಯಲ್ಲಿ ಮಗ್ಗದ ಸದ್ದು ಬೇರೆಯಾಗುತ್ತಿತ್ತು, ಅದನ್ನು ಕೇಳುವ ಎದೆ ನನಗಿರಲಿಲ್ಲ.

ಮೇಡಂ ಒಂದು ದಿನ ತಲೆಗೆ ಕೈಹೊತ್ತು ಕುಳಿತಿದ್ದರು. ಆಮೇಲೆ ತಟಕ್ಕನೆ ಎದ್ದು, “ಗಿರಿಜಾ ಮುಂದ ನಿಲ್ಲತಾಳ. ಆಕಿ ಮಾರಿ ಅಷ್ಟ ಕಾಣತೈತಿ. ನೀವೆಲ್ಲಾ ಬರೇ ಕೈ. ಯಾರಿಗೆ ಗೊತ್ತಾಗಬೇಕು?” ಎಂದರು. ನಾವು ಎಂಟು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕೈಗೆ ಊರಿಲ್ಲ, ಮನೆತನವಿಲ್ಲ. ಕೈ ಕುಣಿದರೆ ಯಾರ ಮಗಳು ಕುಣಿದಳು ಎಂದು ಯಾರು ಹೇಳಬೇಕು? ಇಂಥ ಸುಲಭದ ದಾರಿ ಇದೆಯೆಂದು ಮೊದಲೇ ಹೊಳೆಯಲಿಲ್ಲವಲ್ಲ ಎಂದು ಹಿಗ್ಗಿದೆವು.

ತಾಲೀಮು ಕಾಲೇಜಿನ ಹಳೆಯ ಸಭಾಂಗಣದಲ್ಲಿ. ಭಜನೆ ಮೇಳದ ತಬಲಾ ಮಾಸ್ತರರೊಬ್ಬರು ಬಂದು ನುಡಿಸುತ್ತಿದ್ದರು. ಎಂಬತ್ತೊಂದೂ ಭಂಗಿ ಬೇಕೆಂದು ಮೇಡಂ ಆಸೆ. ಹೆಣಗಾಡಿ ಇಪ್ಪತ್ತೇಳಕ್ಕೆ ಬಂದು ನಿಂತೆವು. ಕೈಯಾಗಿ ಬಾಳುವುದು ಸುಲಭವೆಂದು ತಿಳಿಯಬೇಡಿ. ನನ್ನ ಮೂಗಿನ ಮುಂದೆ ಮೂರನೆಯವಳ ಜಡೆ, ಅದರ ತುಂಬ ಔಡಲೆಣ್ಣೆ. ಇವತ್ತಿಗೂ ಆ ವಾಸನೆ ಬಂದರೆ ನನ್ನ ಭುಜ ನೋಯುತ್ತದೆ. ಎಲ್ಲರ ಹಿಂದೆ ನಿಂತ ಶಕುಂತಲಾ, ಎಲ್ಲಕ್ಕೂ ಮೇಲಿನ ಕೈಗೆ ಎತ್ತರ ಸಾಲದೆ, ಎರಡು ಇಟ್ಟಂಗಿಯ ಮೇಲೆ ನಿಂತು, ಮುಖ ಕಾಣದ ಹಾಗೆ ತಲೆ ತಗ್ಗಿಸುತ್ತಿದ್ದಳು. ಬಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಒಡೆಯುತ್ತಿದ್ದವು. ತೆಗೆದಿಡಿ ಎನ್ನಲು ಮೇಡಂಗೆ ಬಾಯಿ ಬರಲಿಲ್ಲ, ಮುತ್ತೈದೆ ಶಕುಂತಲಾ ಬಳೆ ತೆಗೆಯುವ ಮಾತೇ ಇರಲಿಲ್ಲ. ಕೊನೆಗೆ ಎಲ್ಲರೂ ಬಳೆಗಳನ್ನು ಮೇಲಕ್ಕೇರಿಸಿ, ಬಿಳಿ ಬಟ್ಟೆಯ ಪಟ್ಟಿಯಿಂದ ಬಿಗಿದು ಕಟ್ಟಿಕೊಂಡೆವು. ಧಾರವಾಡದಲ್ಲಿ ನೋಡಿದವರು ಅದೊಂದು ಆಭರಣವೆಂದೇ ತಿಳಿದರು.

ಯಾವ ಎಣಿಕೆಗೆ ಯಾರ ಯಾವ ಕೈ ಏಳಬೇಕು ಎಂಬುದು ದೊಡ್ಡ ಗೋಜಲು. ದಿನಕ್ಕೊಂದು ಜಗಳ. ನಾನು ಒಂದು ರಾತ್ರಿ ಊಟದ ಹೊತ್ತಿಗೆ ಕುಳಿತು ನೋಟುಬುಕ್ಕಿನ ನಡುಹಾಳೆಯಲ್ಲಿ ಗೆರೆ ಎಳೆದು ಚೌಕದ ಮನೆ ಮಾಡಿದೆ. ಅಡ್ಡಕ್ಕೆ ಹದಿನೆಂಟು, ಕೆಳಕ್ಕೆ ಇಪ್ಪತ್ತೇಳು. ಏಳುವ ಕೈಗೆ ಒಂದು ಚುಕ್ಕಿ. ಅದನ್ನು ಗೋಡೆಗೆ ಅಂಟಿಸಿದ ಮೇಲೆ ಜಗಳ ನಿಂತಿತು. ಕುಣಿತದಲ್ಲಿ ನನ್ನ ಸಾಧನೆ ಏನಾದರೂ ಇದ್ದರೆ ಅದು ಆ ಹಾಳೆಯೇ. ಉಳಿದಂತೆ ಮೇಡಂ ನನ್ನನ್ನು ಬೈದಷ್ಟು ಯಾರನ್ನೂ ಬೈದಿಲ್ಲ. ಕೈ ಕೆಳಗಿಳಿಸುವಾಗೆಲ್ಲ ಆ ಹಾಳು ಝಾಡಿಸುವ ಚಟ.

“ನೀಲಾ! ಎಷ್ಟು ಸಲ ಹೇಳಬೇಕು? ಶಿವಾ ನೊಣ ಓಡಸಂಗಿಲ್ಲ!”

ಧಾರವಾಡಕ್ಕೆ ಹೊರಟ ದಿನ ಕುಳಗೇರಿ ಕ್ರಾಸಿನಲ್ಲಿ ಬಸ್ಸಿನ ಗಾಲಿ ಪಂಕ್ಚರ್ ಆಯಿತು. ಇನ್ನೂ ಬೆಳಗಿನ ಎಂಟು ಗಂಟೆ. ಮೇಡಂ ಗಡಿಯಾರ ನೋಡಿ, ಸುಮ್ಮನೆ ಕೂರುವುದೇಕೆ ಎಂದು ಚಹಾದಂಗಡಿಯ ಹಿಂದಿನ ಬಯಲಿನಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸಿದರು. ತಬಲಾ ಬಸ್ಸಿನ ಮೇಲಿತ್ತು. ಮಾಸ್ತರರು ಒಂದು ಡಬ್ಬಿ ಬೋರಲು ಹಾಕಿ ಬಾರಿಸಿದರು. ಮಿರ್ಚಿ ಬಜಿ ತಿನ್ನುತ್ತಿದ್ದ ಮಂದಿಯೆಲ್ಲ ಸುತ್ತುಗಟ್ಟಿದರು. ಇಪ್ಪತ್ತೇಳೂ ಮುಗಿದ ಮೇಲೆ ಒಬ್ಬ ಲಾರಿ ಡ್ರೈವರು ಮುಂದೆ ಬಂದು, ಬಹಳ ಗಂಭೀರವಾಗಿ, “ಬಾಯಾರ, ಬಲಗಡೆ ಮ್ಯಾಲಿಂದ ಎರಡನೇ ಕೈ ಒಂದ ಸಲ ತಡಾ ಎದ್ದಿತ್ರಿ” ಎಂದ. ಮೇಡಂ ಹಾಳೆ ತೆಗೆದು ನೋಡಿದರು. ಡ್ರೈವರು ಹೇಳಿದ್ದು ನಿಜವಾಗಿತ್ತು.

ಧಾರವಾಡದಲ್ಲಿ ಏನಾಯಿತೆಂದು ನನ್ನನ್ನು ಕೇಳಿದರೆ ನಾನು ಕಂಡದ್ದನ್ನಷ್ಟೇ ಹೇಳಬೇಕು. ಗಿರಿಜಾಳ ಕಿವಿ ಮತ್ತು ಮೂರನೆಯವಳ ಭುಜದ ನಡುವೆ ಎರಡು ಬೆರಳಗಲದ ಒಂದು ಸಂದಿ ಇರುತ್ತಿತ್ತು. ಅದರಲ್ಲಿ ಕಂಡಷ್ಟೇ ನನ್ನ ಜಗತ್ತು. ಅಂದು ಅದರಲ್ಲಿ ಕಂಡದ್ದು ತೀರ್ಪುಗಾರರೊಬ್ಬರ ಕನ್ನಡಕ. ಆ ಕನ್ನಡಕ ಅಲ್ಲಾಡದೆ ನಮ್ಮ ಕಡೆಗೇ ಇತ್ತು. ಎರಡನೆಯ ಬಹುಮಾನ ಬಂತು, ಒಂದು ಢಾಲು ಕೊಟ್ಟರು. ಕನ್ನಡಕದ ಒಡತಿ, ನೆರೆಗೂದಲಿನ ಹಿರಿಯರು, ಬಹುಮಾನದ ನಂತರ ನಮ್ಮ ಹತ್ತಿರ ಬಂದು, “ಹಿಂದ ನಿಂತವ್ರೆಲ್ಲಾ ಒಬ್ಬೊಬ್ಬರ ಮುಂದ ಬರ್ರಿ ನೋಡೋಣ” ಎಂದರು. ಎಂಟು ಜನ ಕಿಸಿಕಿಸಿ ನಗುತ್ತ ಮುಂದೆ ಬಂದೆವು. “ಇಷ್ಟು ಛಂದ ಅದೀರಿ, ಅಡಗಿಕೊಂಡಿದ್ದು ಯಾಕ?” ಎಂದರು. ನಮ್ಮ ನಗು ನಿಂತಿತು. ಮೇಡಂ ನೆಲ ನೋಡಿದರು.

ಢಾಲಿನ ಸುದ್ದಿ ಹುನಗುಂದಕ್ಕೆ ಮುಟ್ಟಿತು. ಗಿರಿಜಾಳ ತಂದೆ ಹಿಗ್ಗಿ, ಅಲ್ಲಿ ನಡೆಯಲಿದ್ದ ನೇಕಾರರ ಸೀರೆ ಪ್ರದರ್ಶನದಲ್ಲಿ ಸಂಜೆಯ ಕಾರ್ಯಕ್ರಮಕ್ಕೆ ನಮ್ಮನ್ನು ಕರೆಸಿದರು. ಹುನಗುಂದ ಇಳಕಲ್ಲಿನ ಪಕ್ಕದಲ್ಲೇ ಇದೆ. ನೇಕಾರರ ಪ್ರದರ್ಶನವೆಂದರೆ ಅಪ್ಪ ಬರದೇ ಇರುತ್ತಾನೆಯೇ? ಮೇಡಂ ಹತ್ತಿರ ಹೋಗಿ ಹೇಳಿಕೊಂಡೆ, ಅಳುವುದೊಂದು ಬಾಕಿ.

“ನೀ ಬ್ಯಾಡಂದ್ರ ಕಾರ್ಯಕ್ರಮನ ಬ್ಯಾಡ,” ಎಂದರು ಅವರು. “ಹದಿನಾರು ಕೈ ಇಟಗೊಂಡು ನಾ ಹೋಗಂಗಿಲ್ಲ.”

ಅಷ್ಟು ಹೇಳಿದ ಮೇಲೆ ಬರುವುದಿಲ್ಲ ಎನ್ನುವುದು ಹೇಗೆ? ಮುಖವಂತೂ ಕಾಣುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಬಸ್ಸು ಹತ್ತಿದೆ.

ಹುನಗುಂದದ ಶಾಲೆಯೊಂದರ ಬಯಲಿನಲ್ಲಿ ವೇದಿಕೆ. ಬಿಸಿಲು ಆಗ ತಾನೆ ಇಳಿದಿತ್ತು. ತಬಲಾ ಶುರುವಾಯಿತು, ಕೈಗಳು ಒಂದೊಂದಾಗಿ ಅರಳಿದವು. ನಾನು ರೂಢಿಯಂತೆ ಸಂದಿಯಲ್ಲಿ ನೋಡಿದೆ. ಎರಡನೆಯ ಸಾಲಿನಲ್ಲಿ ಒಂದು ಬಿಳಿ ರುಮಾಲು. ಅದರ ಕೆಳಗೆ ಅಪ್ಪನ ಮುಖ. ಪಕ್ಕದಲ್ಲಿ ಸಂಗಪ್ಪ ಕಾಕಾ ಅವನ ಕಿವಿಯಲ್ಲಿ ಏನೋ ಹೇಳುತ್ತಿದ್ದ. ಓಡಿಬಿಡಲೇ ಅನ್ನಿಸಿತು. ಆದರೆ ಸಾಲಿನ ನಡುವಿನಿಂದ ಒಬ್ಬಳು ಓಡಿದರೆ ಹಿಂದಿನ ಐವರ ಮುಖ ಬಯಲಿಗೆ ಬೀಳುತ್ತದೆ. ಹಲ್ಲು ಕಚ್ಚಿಕೊಂಡು ಇಪ್ಪತ್ತೇಳರವರೆಗೆ ಎಣಿಸಿದೆ. ಎಣಿಕೆ ತಪ್ಪಲಿಲ್ಲ. ಕಣ್ಣು ಮಾತ್ರ ಆ ರುಮಾಲಿನಿಂದ ಕೀಳಲಾಗಲಿಲ್ಲ. ಅಪ್ಪನ ತಲೆ ಮೊದಲು ಒಂದು ಬದಿಗೆ ವಾಲಿತ್ತು. ನಡುವೆ ಎಲ್ಲೋ ಅದು ನೆಟ್ಟಗಾಯಿತು, ಆಮೇಲೆ ಅಲ್ಲಾಡಲಿಲ್ಲ.

ವೇದಿಕೆಯ ಹಿಂದಿನ ಕೋಣೆಯಲ್ಲಿ ಬಳೆಯ ಪಟ್ಟಿ ಬಿಚ್ಚುತ್ತಿದ್ದೆವು. ಬಾಗಿಲಲ್ಲಿ ಅಪ್ಪ ನಿಂತಿದ್ದ. ಒಳಗೆ ಹೆಣ್ಣುಮಕ್ಕಳಿದ್ದರೆಂದು ಹೊಸಿಲು ದಾಟಿರಲಿಲ್ಲ.

“ನೀಲವ್ವಾ.”

ನಾನು ಹತ್ತಿರ ಹೋದೆ. ಬಾಯಿಂದ ಬಂದದ್ದು ಒಂದೇ ಮಾತು. “ನಿನಗ ಹೆಂಗ ಗೊತ್ತಾತು ಅಪ್ಪಾ?”

“ಹದಿನೇಳು ಕೈ ಸುಮ್ಮನ ಇಳದ್ವು,” ಎಂದ ಅಪ್ಪ. “ಒಂದು ಕೈ ಎಳಿ ಝಾಡಿಸಿ ಇಳೀತು. ಅದು ಯಾರದು ಅಂತ ನನಗ ಮಂದಿ ಹೇಳಬೇಕೇನು?”

“ನಾಳೆ ಐತವಾರ ಐತಿ, ಮನಿಗೆ ಬಾ” ಎಂದು ಹೊರಟುಹೋದ.

ಮರುದಿನ ಬೆಳಿಗ್ಗೆ ಇಳಕಲ್ಲಿಗೆ ಹೋದಾಗ ಅಪ್ಪ ಮಗ್ಗದಲ್ಲಿದ್ದ. ಸಂಗಪ್ಪ ಕಾಕಾನ ಮಗ್ಗ ಖಾಲಿಯಿತ್ತು. ಅವ್ವ ಏನೊಂದೂ ಕೇಳದೆ ರೊಟ್ಟಿ ಕೊಟ್ಟಳು. ನಾನು ಯಾರೂ ಹೇಳದೆಯೇ ರಾಟೆಯ ಮುಂದೆ ಕುಳಿತು ಕಂಡಿಕಿ ಸುತ್ತತೊಡಗಿದೆ. ಬುಟ್ಟಿ ತುಂಬುತ್ತ ಬಂದಾಗ ಮಗ್ಗದ ಸದ್ದು ನಿಂತಿತು.

“ಕುಣಿಯೋದು ತಪ್ಪೇನು?” ಎಂದು ಕೇಳಿದ ಅಪ್ಪ. ಬೈಯುವ ದನಿಯಲ್ಲ. ನಿಜವಾಗಿ ಕೇಳುತ್ತಿದ್ದ.

“ಗೊತ್ತಿಲ್ಲಪಾ.”

“ಎಷ್ಟು ದಿನಾ ಕಲತಿ?”

“ಮೂರು ತಿಂಗಳಾತು.”

“ಮೂರು ತಿಂಗಳು ಮಾಡಿದ್ದು ತಪ್ಪೋ ಸರಿಯೋ ಗೊತ್ತಿಲ್ಲಂತೀ.” ಲಾಳಿಯನ್ನು ಕೈಯಲ್ಲಿ ತಿರುವಿದ. “ತಪ್ಪಿದ್ರ ಮಾಡಬಾರದಿತ್ತು. ತಪ್ಪಲ್ಲಂದ್ರ ಮಾರಿ ಮುಚ್ಚಿಕೋಬಾರದಿತ್ತು. ನಿನ್ನಿ ಸಂಗಪ್ಪ ನನ್ನ ಮಗ್ಗಲ ಕುಂತಿದ್ದ. ‘ಮುಂದ ನಿಂತಾಕಿ ವಕೀಲರ ಮಗಳಂತ, ಹಿಂದಿನವ್ರು ಯಾರ ಮನಿ ಮಕ್ಕಳೋ ಏನೋ’ ಅಂದ. ನನ್ನ ಮಗಳ ಕೈ ನನ್ನ ಕಣ್ಣ ಮುಂದ ಐತಿ, ನಾ ಸುಮ್ಮನ ಕುಂತೆ. ರಾತ್ರಿಯೆಲ್ಲಾ ನನಗ ಅದ ಬ್ಯಾಸರಾತು. ನೀ ಕುಣದದ್ದಲ್ಲ. ನಾ ಸುಮ್ಮನ ಕುಂತದ್ದು.”

ನನಗೆ ಅಳು ಬಂತು. ಅಪ್ಪನಿಗೆ ಅಳು ನೋಡಿ ಅಭ್ಯಾಸವಿಲ್ಲ. ಗಡಿಬಿಡಿಯಿಂದ ಮಾತು ಬದಲಿಸಿದ. “ಅದಿರಲಿ, ಅಷ್ಟು ಕೈ ತೊಡಕಾಗಲಿಲ್ಲಲ್ಲ, ಹೆಂಗ ಮಾಡಿದ್ರಿ ಅದನ್ನ?”

ಚೀಲದಲ್ಲಿ ಹಾಳೆ ಇತ್ತು. ಕೊಟ್ಟೆ. ಅಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿದ. “ಇದು ಯಾವ ದಡಿ?” ಎಂದು ಕೇಳಿದ. ಸೀರೆಯ ಅಂಚಿನ ನಮೂನೆಯೆಂದೇ ತಿಳಿದಿದ್ದ. ದಡಿ ಅಲ್ಲ, ಇದು ಕೈ ಎಂದು ಹೇಳಿಕೊಟ್ಟೆ. ಆಮೇಲೆ ಅವನು ಹಾಳೆ ಬಿಡಲಿಲ್ಲ. ಬೆರಳಿಟ್ಟುಕೊಂಡು ಒಂದೊಂದೇ ಸಾಲು ಇಳಿದ. ಕುಣಿಯೊಳಗೆ ಅವನ ಕಾಲು ತನ್ನಷ್ಟಕ್ಕೆ ತುಳಿಯುತ್ತಿತ್ತು. ಹತ್ತೊಂಬತ್ತನೆಯ ಸಾಲಿನಲ್ಲಿ ನಿಂತು, “ಇಲ್ಲಿ ಐದನೇದು, ಆರನೇದು ಕೂಡೇ ಏಳತಾವ. ಬಡಕೊಳ್ಳೋದಿಲ್ಲೇನು?” ಎಂದ.

“ಬಡಕೋತಾವಪಾ. ಅದೊಂದು ತೊಡಕು ಉಳದೈತಿ.”

“ಆರನೇದು ಮಗ್ಗದ ಒಂದು ಗುದ್ದಿನಷ್ಟು ತಡಾ ಮಾಡಿ ಎತ್ತಸು. ದಾರಿ ಸಿಗತೈತಿ.”

ಕಾಲೇಜಿಗೆ ಹೋಗಿ ಹಾಗೆಯೇ ಮಾಡಿದೆವು. ದಾರಿ ಸಿಕ್ಕಿತು. “ನಿಮ್ಮ ತಂದಿಯವ್ರು ನೃತ್ಯ ಕಲತಾರೇನು?” ಎಂದು ಮೇಡಂ ಕೇಳಿದರು. ಸೀರೆ ನೇಯುತ್ತಾರೆ ಎಂದೆ. ಮೇಡಂ ಆ ಹಾಳೆಯನ್ನು ಬಹಳ ಹೊತ್ತು ನೋಡುತ್ತ ಕುಳಿತಿದ್ದರು.

ಮುಂದಿನ ವರ್ಷ ಗಿರಿಜಾ ಓದು ಮುಗಿಸಿ ಹೋದಳು. ಮುಂದೆ ನಿಲ್ಲುವವರು ಯಾರು ಎಂಬ ಪ್ರಶ್ನೆ ಬಂದಾಗ ನಾನು ಊರಿಗೆ ಹೋಗಿ ಈ ಸಲ ಬಾಯಿ ಬಿಟ್ಟು ಕೇಳಿದೆ. ಅಪ್ಪ ಒಂದೇ ಕರಾರು ಹಾಕಿದ. “ಮೈಕಿನ್ಯಾಗ ಹೆಸರು ಹೇಳಬೇಕು. ನಿಂದೂ, ನಂದೂ, ಊರಿಂದೂ. ಹಿಂದಿನ ಹುಡುಗ್ಯಾರದೂ.” ಮೇಡಂ ಒಪ್ಪಿದರು. ಉಳಿದ ಆರು ಮನೆಗಳಿಗೆ ಮೇಡಂ ತಾವೇ ನಡೆದು ಹೋಗಿ ಮಾತಾಡಿ ಬಂದರು. ನಾಲ್ವರ ಮನೆಯವರು ಒಪ್ಪಿದರು. ಇಬ್ಬರನ್ನು ಬಿಡಿಸಿದರು, ಖಾಲಿಯಾದ ಮೂರು ಜಾಗಕ್ಕೆ ಹೊಸಬರು ಬಂದರು. ಶಕುಂತಲಾ ಮಾತ್ರ ಯಾರನ್ನೂ ಕೇಳಲಿಲ್ಲ. “ನನ್ನ ಗಂಡಗ ನಾನ ಹೇಳತೇನಿ, ಕೇಳೋದೇನೈತಿ” ಎಂದಳು.

ಆ ಸಲ ಸ್ಪರ್ಧೆ ಬಾಗಲಕೋಟೆಯಲ್ಲೇ ನಡೆಯಿತು. ಅಪ್ಪ, ಸಂಗಪ್ಪ ಕಾಕಾ ಇಬ್ಬರೂ ಹೊಸ ರುಮಾಲು ಸುತ್ತಿಕೊಂಡು ಬಂದು ಮುಂದಿನ ಸಾಲಿನಲ್ಲೇ ಕುಳಿತರು. ಮೈಕಿನಲ್ಲಿ ಹೆಸರುಗಳನ್ನು ಹೇಳಿದರು. ನನ್ನ ಹೆಸರು, ಅಪ್ಪನ ಹೆಸರು, ಇಳಕಲ್ಲು. ಅಪ್ಪ ಸಭೆಯ ಕಡೆಗೆ ತಿರುಗಿ ಒಮ್ಮೆ ನೋಡಿದ. ನಾನು ಎಲ್ಲರಿಗೂ ಕಾಣುವಂತೆ ಮುಂದೆ ನಿಂತೆ, ಮೂಗಿನ ಮುಂದೆ ಯಾರ ಜಡೆಯೂ ಇಲ್ಲ, ಇಡೀ ಸಭಾಂಗಣ ನನ್ನದು.

ಇಲ್ಲಿ ‘ಮೊದಲ ಬಹುಮಾನ ಬಂತು’ ಎಂದು ಬರೆಯಲು ನನಗೂ ಆಸೆಯಿದೆ. ಬರಲಿಲ್ಲ. ಮೂರನೆಯದೂ ಬರಲಿಲ್ಲ. ಕೈಯಾಗಿದ್ದವಳಿಗೆ ಮುಖವಾಗುವುದು ಗೊತ್ತಿರಲಿಲ್ಲ. ಮುಖದಲ್ಲಿ ಭಾವ ತೋರಿಸಬೇಕು ಎಂದು ಮೇಡಂ ಹೇಳಿದ್ದೆಲ್ಲ ಬೆಳಕು ಬಿದ್ದೊಡನೆ ಮರೆತುಹೋಯಿತು. ಎಣಿಕೆಯೊಂದೇ ನೆನಪಿತ್ತು. ಇಪ್ಪತ್ತೇಳು ಭಂಗಿ ಮುಗಿಯುವವರೆಗೆ ಕುಣಿಯುವ ಶಿವ ತುಟಿ ಅಲ್ಲಾಡಿಸುತ್ತ ಒಂದು, ಎರಡು, ಮೂರು ಎನ್ನುತ್ತಿದ್ದ. ‘ಮುಖಾಭಿನಯ ಸಾಲದು’ ಎಂದು ತೀರ್ಪುಗಾರರು ಬರೆದಿದ್ದರಂತೆ. ಬಹಳ ಮೆತ್ತಗೆ ಬರೆದಿದ್ದರು.

“ಬಾಯಾಗ ಏನದು ಅಂತಿದ್ದಿ?” ಎಂದು ಹೊರಗೆ ಬಂದ ಮೇಲೆ ಅಪ್ಪ ಕೇಳಿದ.

“ಎಣಸಾಕತ್ತಿದ್ನೆಪಾ.”

“ನಾವು ಮಂತ್ರ ಅಂತಾಳಂತ ತಿಳಕೊಂಡು ಕೈ ಮುಗದ್ವಿ ತಗೋ,” ಎಂದ ಸಂಗಪ್ಪ ಕಾಕಾ.

“ಬಹುಮಾನ ಯಾರಿಗೆ ಬಂತು?” ಎಂದ ಅಪ್ಪ.

“ವಿಜಾಪುರದವ್ರಿಗೆ.”

“ಅವ್ರು ಛಂದ ಕುಣದ್ರೇನು?”

“ಹೂನಪಾ. ಭಾಳ ಛಂದ ಕುಣದ್ರು.”

“ಮತ್ತ ಸರಿ ಐತಿ ಬಿಡು,” ಎಂದ ಅಪ್ಪ. ಇಬ್ಬರೂ ಇಳಕಲ್ಲಿನ ಬಸ್ಸು ಹತ್ತಿ ಹೋದರು.

ಅದೇ ವರ್ಷದ ಕೊನೆಗೆ ವಿಮಲಾ ಮೇಡಂ ಬೇರೆ ಊರಿಗೆ ವರ್ಗವಾದರು. ಹೊರಡುವ ದಿನ ಬಸ್‌ ನಿಲ್ದಾಣಕ್ಕೆ ಹೋಗಿದ್ದೆವು. ಬಸ್ಸಿನ ಮೆಟ್ಟಿಲು ಹತ್ತುವಾಗಲೂ ಆ ನಡಿಗೆ ಹಾಗೆಯೇ ಇತ್ತು. ಮುಂದೆ ಕಾಲೇಜಿನಿಂದ ಕಬಡ್ಡಿಯೂ ಚರ್ಚೆಯೂ ಹೋದವು, ನೃತ್ಯ ಹೋಗಲಿಲ್ಲ. ನಾವು ತಾಲೀಮು ಮಾಡಿದ ಸಭಾಂಗಣ ಈಗ ಅಣೆಕಟ್ಟಿನ ಹಿನ್ನೀರಿನ ಕೆಳಗಿದೆ.

ನಾನು ಪರೀಕ್ಷೆ ಮುಗಿಸಿ ರಜೆಗೆ ಇಳಕಲ್ಲಿಗೆ ಬಂದೆ. ಒಂದು ಮಧ್ಯಾಹ್ನ ಅಪ್ಪ ನೇಯ್ದ ಸೀರೆ ಮುಟ್ಟಿಸಲು ಪೇಟೆಗೆ ಹೋಗಿದ್ದ. ಮಗ್ಗಗಳೆರಡೂ ಸುಮ್ಮನಿದ್ದವು. ನಾನು ಕಂಬಕ್ಕೆ ಒರಗಿ ಏನೋ ಓದುತ್ತಿದ್ದೆ. ಅವ್ವ ರಾಟೆ ತಿರುಗಿಸುತ್ತ, ತಲೆ ಎತ್ತದೆ ಕೇಳಿದಳು.

“ನೀಲಾ, ಹದಿನೆಂಟು ಕೈ ಅಂದ್ರ ಹೆಂಗ ಕಾಣತೈತಿ?”

“ಅಪ್ಪ ಹೇಳಿಲ್ಲೇನು?”

“ನಿಮ್ಮಪ್ಪಗ ಹೇಳಾಕ ಬರತೈತೇನು? ‘ಛಂದ ಇತ್ತು’ ಅಂದ. ಸಂಗಪ್ಪನೂ ‘ಛಂದ ಇತ್ತು’ ಅಂದ. ಹುನಗುಂದದಾಗ ನೋಡಿದ್ರು, ಬಾಗಲಕೋಟ್ಯಾಗ ನೋಡಿದ್ರು.”

“ನೀ ಯಾಕ ಬರಲಿಲ್ಲ ಯವ್ವಾ?”

“ಯಾರು ಕರದ್ರು?”

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಅನ್ನ ಬೆಂದಿದೆಯೇ ಎಂದು ಕೇಳುವ ಹಾಗೆ ಕೇಳಿದಳು. ನಾನು ಪುಸ್ತಕ ಮುಚ್ಚಿದೆ. ಅಪ್ಪ ಒಪ್ಪುತ್ತಾನೋ ಇಲ್ಲವೋ ಎಂದು ತಿಂಗಳುಗಟ್ಟಲೆ ಹೆದರಿದ್ದೆ, ಅಪ್ಪ ಒಪ್ಪಿದನೆಂದು ಹಿಗ್ಗಿದ್ದೆ. ಅವ್ವನನ್ನು ಕರೆಯಬೇಕೆಂದು ನನಗಾಗಲಿ ಅಪ್ಪನಿಗಾಗಲಿ ಒಂದು ಸಲವೂ ಹೊಳೆದಿರಲಿಲ್ಲ. ನಾವು ಊರೂರಿಗೆ ಹೋದಾಗ ಮಗ್ಗಕ್ಕೆ ಕಂಡಿಕಿ ಸುತ್ತಿಟ್ಟವಳು ಅವಳೇ.

ಎದ್ದು ನಿಂತೆ. “ಈಗ ಕುಣಿದು ತೋರಸಲೇನು? ಆದ್ರ ನಾ ಒಬ್ಬಾಕಿನ ಅದೀನಿ. ಬರೇ ಎರಡು ಕೈ.”

“ಕುಣಿ,” ಎಂದಳು ಅವ್ವ. “ಉಳದ ಹದಿನಾರು ನಾ ಅನಕೋತೇನಿ.”

ರಾಟೆಯನ್ನು ಗೋಡೆಗೆ ಸರಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಕಾಲು ಮಡಚಿ ಕುಳಿತಳು. ನಾನು ಎರಡು ಮಗ್ಗಗಳ ನಡುವಿನ ಜಾಗದಲ್ಲಿ ನಿಂತು ಮೊದಲ ಭಂಗಿಗೆ ಕೈ ಎತ್ತಿದೆ. ಅವ್ವ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದಳು. ಆದರೆ ಅವಳ ನೋಟ ನನ್ನ ಮೇಲಿರಲಿಲ್ಲ. ನನ್ನ ಎರಡೂ ಬದಿಯ ಖಾಲಿ ಜಾಗದಲ್ಲಿ, ಕೆಳಗಿನಿಂದ ಮೇಲಕ್ಕೆ, ಒಂದೊಂದನ್ನೇ ನಿಂತು ನೋಡುತ್ತ ಮೆಲ್ಲಗೆ ಏರುತ್ತಿತ್ತು.